ಆಚರಣೆಗಳ ಅಧ್ಯಯನ

ಧರ್ಮದಲ್ಲೂ ಸಮಾಜದಲ್ಲೂ ಜನ ಕಟ್ಟಳೆಗೆ ಒಳಪಟ್ಟು, ಗೊತ್ತಾದ ಕ್ರಮದಲ್ಲಿ, ಮತ್ತೆ ಮತ್ತೆ ನಡೆಸುವ ವಿಧಿಬದ್ಧ ಕ್ರಿಯೆಗಳ ರಚನೆ, ಅರ್ಥ ಮತ್ತು ಪರಿಣಾಮಗಳನ್ನು ವಿವೇಚಿಸುವ ಜ್ಞಾನಶಾಖೆಯೇ ಆಚರಣೆಗಳ ಅಧ್ಯಯನ. ಮಾನವಶಾಸ್ತ್ರ, ಸಮಾಜಶಾಸ್ತ್ರ, ಧರ್ಮಾಧ್ಯಯನ, ಜಾನಪದ, ರಂಗಭೂಮಿ ಅಧ್ಯಯನ, ಮನಶ್ಶಾಸ್ತ್ರಗಳು ಇದಕ್ಕೆ ಸಾಮಗ್ರಿಯನ್ನೂ ವಿಧಾನವನ್ನೂ ಒದಗಿಸಿವೆ. ಯಜ್ಞ, ಪೂಜೆ, ನಮಾಜು, ಬಲಿ, ಮದುವೆ, ತಿಥಿ, ಜಾತ್ರೆ, ಕೋಲಗಳ ಜೊತೆಗೆ ಪಟ್ಟಾಭಿಷೇಕ, ಧ್ವಜಾರೋಹಣ, ಪ್ರಮಾಣವಚನದಂಥ ಲೌಕಿಕ ಸಮಾರಂಭಗಳೂ ಇದರ ವ್ಯಾಪ್ತಿಗೆ ಬರುತ್ತವೆ. ಸ್ವತಂತ್ರ ಶಾಖೆಯಾಗಿ ಇದರ ವಯಸ್ಸು ಸುಮಾರು ಅರ್ಧ ಶತಮಾನ. ಅದು ಕೇಳುವ ಪ್ರಶ್ನೆಗಳು ಮಾತ್ರ ಬಹಳ ಹಳೆಯವು.

ಪರಿಭಾಷೆ

ಕನ್ನಡದ ವಿದ್ವತ್ ಬರವಣಿಗೆಯಲ್ಲಿ ‘ಆಚರಣೆ’ ಎಂಬುದು ವಿಶಾಲವಾದ ಹೆಸರು. ಒಂದು ಹಬ್ಬವೋ ಮದುವೆಯೋ ಇಡಿಯಾಗಿ ಆಚರಣೆ. ಅದರೊಳಗೆ ಬಿಡಿಬಿಡಿಯಾಗಿ ನಡೆಯುವ ಧಾರೆ, ಸೇಸೆ, ಆರತಿಯಂಥವು ವಿಧಿಗಳು. ವ್ಯಕ್ತಿಯ ಸ್ಥಿತಿಯನ್ನು ಬದಲಿಸುವ ಶಾಸ್ತ್ರೋಕ್ತ ವಿಧಿಗೆ ‘ಸಂಸ್ಕಾರ’ ಎಂಬ ಹಳೆಯ ಹೆಸರಿದೆ. ಜಾನಪದ ವಿದ್ವಾಂಸರು ಹುಟ್ಟಿನಿಂದ ಸಾವಿನವರೆಗಿನವನ್ನು ‘ಜೀವನಾವರ್ತನ ಆಚರಣೆ’ಗಳೆಂದೂ ವರ್ಷದ ಋತುಮಾನಕ್ಕೆ ಹೊಂದಿಕೊಂಡವನ್ನು ‘ವಾರ್ಷಿಕಾವರ್ತನ ಆಚರಣೆ’ಗಳೆಂದೂ ಕರೆಯುತ್ತಾರೆ. ಪದ್ಧತಿ, ಸಂಪ್ರದಾಯ, ರೂಢಿ ಎಂಬ ಮಾತುಗಳು ಇವಕ್ಕಿಂತ ಸಡಿಲ. ಕೈತೊಳೆದು ಊಟಕ್ಕೆ ಕೂರುವುದು ರೂಢಿ. ಊಟಕ್ಕೆ ಮುನ್ನ ಎಲೆಯ ಸುತ್ತ ನೀರು ಕಟ್ಟುವುದು ಆಚರಣೆ.

ಯೂರೋಪಿನಲ್ಲಿ ಈ ಪರಿಕಲ್ಪನೆ ಬೆಳೆದ ಬಗೆಯನ್ನು ತಲಾಲ್ ಅಸದ್ 1993ರ ತಮ್ಮ ಕೃತಿಯಲ್ಲಿ ಬಿಡಿಸಿ ತೋರಿಸಿದ್ದಾರೆ. ಬ್ರಿಟಾನಿಕ ವಿಶ್ವಕೋಶದ 1771ರ ಮೊದಲ ಆವೃತ್ತಿಯ ಪ್ರಕಾರ ‘ರಿಚುವಲ್’ ಎಂದರೆ ಪೂಜಾಕ್ರಮವನ್ನು ನಿರ್ದೇಶಿಸುವ ಒಂದು ಪುಸ್ತಕ, ಅಷ್ಟೆ. ಅದು ಜಗತ್ತಿನ ಎಲ್ಲ ಜನರಲ್ಲೂ ಕಾಣುವ, ಒಳಗೊಂದು ಅರ್ಥವನ್ನು ಅಡಗಿಸಿಟ್ಟುಕೊಂಡಿರುವ ನಡವಳಿಕೆ ಎಂಬ ಭಾವನೆ ಬಂದದ್ದು ಆಮೇಲೆ, ಮಾನವಶಾಸ್ತ್ರದ ಜೊತೆಗೆ. ಬಾಹ್ಯಾಚಾರ ಬರಿದು, ಒಳಗಿನ ನಂಬಿಕೆಯೇ ದೊಡ್ಡದು ಎಂದ ಪ್ರಾಟೆಸ್ಟೆಂಟ್ ಸುಧಾರಣೆಯ ನೆರಳೂ ಈ ಭಾವನೆಯ ಮೇಲಿದೆ ಎಂಬುದನ್ನು ಹಲವು ವಿದ್ವಾಂಸರು ಗುರುತಿಸಿದ್ದಾರೆ.

ಪ್ರಾಚೀನ ವಿವೇಚನೆ

ಆಚರಣೆಯನ್ನು ಮಾಡುವುದು ಬೇರೆ, ಅದರ ಬಗ್ಗೆ ಶಾಸ್ತ್ರ ಕಟ್ಟುವುದು ಬೇರೆ. ಎರಡನೆಯದರಲ್ಲಿ ಭಾರತ ಮತ್ತು ಚೀನಾ ಬಹಳ ಮುಂದಿದ್ದವು. ಚೀನಾದಲ್ಲಿ ಕ್ರಿ.ಪೂ. 3ನೆಯ ಶತಮಾನದ ಶುನ್‌ಜಿ ಆಚರಣೆಯ ಕುರಿತೇ ಒಂದು ಅಧ್ಯಾಯ ಬರೆದ. ಮನುಷ್ಯನ ಆಸೆಗಳಿಗೆ ಮಿತಿ ಹಾಕಿ, ದುಃಖ ಸಂತೋಷಗಳಿಗೆ ರೂಪ ಕೊಡುವ ವ್ಯವಸ್ಥೆ ಅದು ಎಂಬುದು ಅವನ ನಿಲುವು. ದೇವತೆಗಳು ಒಲಿಯುತ್ತಾರೆಯೇ ಇಲ್ಲವೇ ಎಂಬುದು ಅವನಿಗೆ ಮುಖ್ಯವಾಗಲಿಲ್ಲ.

ಭಾರತದಲ್ಲಿ ಶ್ರೌತಸೂತ್ರಗಳು ಯಜ್ಞದ ಒಂದೊಂದು ಹೆಜ್ಜೆಯನ್ನೂ, ಗೃಹ್ಯಸೂತ್ರಗಳು ಮನೆಯ ಸಂಸ್ಕಾರಗಳನ್ನೂ ಬರೆದಿಟ್ಟವು. ಜೈಮಿನಿಯ ಸೂತ್ರಗಳ ಮೇಲೆ ನಿಂತ ಪೂರ್ವಮೀಮಾಂಸೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ವಿಧಿವಾಕ್ಯವನ್ನು ಹೇಗೆ ಅರ್ಥಮಾಡಿಕೊಳ್ಳಬೇಕೆಂಬ ನಿಯಮಗಳನ್ನು ರೂಪಿಸಿತು. ವೇದಭಾಗವನ್ನು ವಿಧಿ, ಮಂತ್ರ, ನಾಮಧೇಯ, ನಿಷೇಧ, ಅರ್ಥವಾದ ಎಂದು ವಿಂಗಡಿಸಿತು. ಕರ್ಮಗಳನ್ನು ನಿತ್ಯ, ನೈಮಿತ್ತಿಕ, ಕಾಮ್ಯ ಎಂದು ಬೇರ್ಪಡಿಸಿತು. ಇವತ್ತು ಮಾಡಿದ ಯಜ್ಞಕ್ಕೆ ಎಂದೋ ಸಿಗುವ ಫಲಕ್ಕೆ ನಡುವಿನ ಕೊಂಡಿ ಯಾವುದು ಎಂಬ ಪ್ರಶ್ನೆಗೆ ‘ಅಪೂರ್ವ’ ಎಂಬ ಪರಿಕಲ್ಪನೆಯನ್ನು ಉತ್ತರವಾಗಿ ಕೊಟ್ಟಿತು. ಈ ದರ್ಶನದಲ್ಲಿ ಕ್ರಿಯೆಯೇ ಪ್ರಧಾನ, ದೇವತೆ ಅದರ ಅಂಗ ಮಾತ್ರ. ಮಂತ್ರಗಳಿಗೆ ಅರ್ಥವೇ ಇಲ್ಲವೆಂದು ಕೌತ್ಸ ಎಂಬಾತ ವಾದಿಸಿದ್ದನ್ನು ಯಾಸ್ಕ ತನ್ನ ನಿರುಕ್ತದಲ್ಲಿ ದಾಖಲಿಸಿ ಖಂಡಿಸಿದ್ದಾನೆ. ಎರಡು ಸಾವಿರ ವರ್ಷಗಳಿಗೂ ಮಿಕ್ಕು ಕಾಲ ಕಳೆದ ಮೇಲೆ ಅದೇ ವಾದ ಒಬ್ಬ ಡಚ್ ವಿದ್ವಾಂಸನ ಬಾಯಲ್ಲಿ ಮತ್ತೆ ಕೇಳಿಬಂತು. ಅದರ ವಿವರ ಮುಂದಿದೆ.

ಆಚರಣೆಯನ್ನು ತಿರಸ್ಕರಿಸಿದ ಚಳವಳಿಗಳೂ ಈ ಅಧ್ಯಯನಕ್ಕೆ ಮುಖ್ಯವೇ. 12ನೆಯ ಶತಮಾನದ ಶರಣರು ಯಜ್ಞ, ಸ್ಥಾವರ ಪೂಜೆ, ಸೂತಕಗಳನ್ನು ನಿರಾಕರಿಸಿದರು. ಆದರೆ ಆಚರಣೆ ಎಂಬುದೇ ಅಲ್ಲಿಗೆ ಮುಗಿಯಲಿಲ್ಲ. ಅಂಗೈಯ ಇಷ್ಟಲಿಂಗದ ಪೂಜೆ, ಲಿಂಗದೀಕ್ಷೆ, ಅಷ್ಟಾವರಣ ಮತ್ತು ಪಂಚಾಚಾರಗಳ ಹೊಸ ಕ್ರಮವೊಂದು ರೂಪುಗೊಂಡಿತು.

ಆಧುನಿಕ ಅಧ್ಯಯನದ ಉಗಮ

19ನೆಯ ಶತಮಾನದ ಇಂಗ್ಲೆಂಡಿನ ವಿದ್ವಾಂಸರಿಗೆ ಆಚರಣೆಯೆಂದರೆ ನಂಬಿಕೆಯ ಬಾಲಂಗೋಚಿ. ಎಡ್ವರ್ಡ್ ಟೈಲರ್ 1871ರಲ್ಲಿ ಆತ್ಮಗಳಲ್ಲಿನ ನಂಬಿಕೆಯೇ ಧರ್ಮದ ಮೂಲವೆಂದ. ಸ್ಕಾಟ್ಲೆಂಡಿನ ವಿಲಿಯಂ ರಾಬರ್ಟ್‌ಸನ್ ಸ್ಮಿತ್ 1889ರ ತನ್ನ ಉಪನ್ಯಾಸಗಳಲ್ಲಿ ಇದನ್ನು ತಲೆಕೆಳಗು ಮಾಡಿದ. ಪ್ರಾಚೀನ ಧರ್ಮಗಳಲ್ಲಿ ಜನ ಏನು ನಂಬುತ್ತಿದ್ದರು ಎಂಬುದಕ್ಕಿಂತ ಏನು ಮಾಡುತ್ತಿದ್ದರು ಎಂಬುದೇ ಖಚಿತ; ಪುರಾಣ ಕಥೆ ಹುಟ್ಟುವುದು ಆಚರಣೆಯನ್ನು ವಿವರಿಸಲಿಕ್ಕೆ. ಬಲಿಯ ಮಾಂಸವನ್ನು ಹಂಚಿ ತಿನ್ನುವ ಸಹಭೋಜನ ಕುಲವನ್ನೂ ದೇವರನ್ನೂ ಒಂದು ಮಾಡುತ್ತದೆ ಎಂಬುದು ಅವನ ವಾದ. ಇದಕ್ಕೆ ಆಧಾರವಾಗಿಟ್ಟುಕೊಂಡ ಒಂಟೆಬಲಿಯ ವರ್ಣನೆಯನ್ನು ಮುಂದಿನ ವಿದ್ವಾಂಸರು ಒಪ್ಪಲಿಲ್ಲ. ಆಚರಣೆಯೇ ಮೊದಲು ಎಂಬ ಮಾತು ಮಾತ್ರ ಉಳಿಯಿತು. 1890ರಲ್ಲಿ ಜೇಮ್ಸ್ ಫ್ರೇಜರ್ ‘ದಿ ಗೋಲ್ಡನ್ ಬೌ’ ಪ್ರಕಟಿಸಿದ. ಜಗತ್ತಿನ ಮೂಲೆಮೂಲೆಯ ಆಚರಣೆಗಳನ್ನು ಗ್ರಂಥಾಲಯದಲ್ಲಿ ಕೂತೇ ಗುಡ್ಡೆಹಾಕಿದ ಆ ಗ್ರಂಥದಿಂದ ಇಂದಿಗೂ ಚಲಾವಣೆಯಲ್ಲಿರುವುದು ಮಾಟದ ಎರಡು ನಿಯಮಗಳು: ಹೋಲಿಕೆಯುಳ್ಳದ್ದು ಹೋಲುವುದರ ಮೇಲೆ ಪ್ರಭಾವ ಬೀರುತ್ತದೆ, ಒಮ್ಮೆ ಸೋಂಕಿದ್ದು ದೂರವಾದ ಮೇಲೂ ಸಂಬಂಧ ಉಳಿಸಿಕೊಳ್ಳುತ್ತದೆ.

ಫ್ರಾನ್ಸಿನಲ್ಲಿ ದಾರಿ ಬೇರೆಯಾಯಿತು. ಆನ್ರಿ ಉಬೇರ್ ಮತ್ತು ಮಾರ್ಸೆಲ್ ಮಾಸ್ 1899ರಲ್ಲಿ ಬಲಿಯ ಕುರಿತು ಬರೆದ ಪ್ರಬಂಧ ವೈದಿಕ ಮತ್ತು ಹೀಬ್ರೂ ಆಕರಗಳ ಮೇಲೆ ನಿಂತಿದೆ. ಬ್ರಾಹ್ಮಣ ಗ್ರಂಥಗಳ ಯಜ್ಞತತ್ತ್ವದ ಬಗ್ಗೆ 1898ರಲ್ಲಿ ಪುಸ್ತಕ ಬರೆದಿದ್ದ ಸಿಲ್ವೆಯ್ನ್ ಲೆವಿಯ ಬಳಿ ಮಾಸ್ ಓದಿದ್ದ. ಎಮಿಲ್ ಡರ್ಕ್‌ಹೈಮ್ 1912ರಲ್ಲಿ ಆಸ್ಟ್ರೇಲಿಯದ ಮೂಲನಿವಾಸಿಗಳ ಆಚರಣೆಗಳನ್ನು ಮುಂದಿಟ್ಟುಕೊಂಡು, ಜನ ಒಂದೆಡೆ ಸೇರಿ ಕುಣಿದು ಹಾಡುವಾಗ ಹುಟ್ಟುವ ಸಾಮೂಹಿಕ ಭಾವೋತ್ಕರ್ಷವೇ ಪವಿತ್ರವೆಂಬ ಭಾವನೆಯ ತವರು ಎಂದ. ಅವನು ಆಸ್ಟ್ರೇಲಿಯಕ್ಕೆ ಕಾಲಿಟ್ಟವನಲ್ಲ. ಸ್ಪೆನ್ಸರ್ ಮತ್ತು ಗಿಲೆನ್ ಅವರ ವರದಿಗಳೇ ಅವನ ಕ್ಷೇತ್ರ. 

ಕ್ಷೇತ್ರಕಾರ್ಯದ ಯುಗ ಮಲಿನೋವ್‌ಸ್ಕಿಯಿಂದ ಗಟ್ಟಿಯಾಯಿತು. ಟ್ರೋಬ್ರಿಯಾಂಡ್ ದ್ವೀಪದ ಬೆಸ್ತರು ಹಿನ್ನೀರಿನಲ್ಲಿ ಮೀನು ಹಿಡಿಯುವಾಗ ಮಾಟಮಂತ್ರ ಬಳಸುವುದಿಲ್ಲ, ಅಪಾಯವಿರುವ ತೆರೆದ ಕಡಲಿಗಿಳಿಯುವಾಗ ಬಳಸುತ್ತಾರೆ ಎಂಬುದನ್ನು ಅವನು ಗಮನಿಸಿದ. ಆತಂಕವನ್ನು ತಣಿಸುವುದೇ ಆಚರಣೆಯ ಕೆಲಸ ಎಂಬುದು ಅವನ ತೀರ್ಮಾನ. ರಾಡ್‌ಕ್ಲಿಫ್ ಬ್ರೌನ್ 1939ರಲ್ಲಿ ಎದುರುವಾದ ಹೂಡಿದ: ಮಾಡಲೇಬೇಕೆಂಬ ಕಟ್ಟಳೆ ಇರುವುದರಿಂದಲೇ, ಮಾಡದಿದ್ದರೆ ಏನಾಗುವುದೋ ಎಂಬ ಆತಂಕ ಹುಟ್ಟುತ್ತದೆ. ಎರಡೂ ತಮ್ಮ ತಮ್ಮ ನೆಲೆಯಲ್ಲಿ ಸರಿ ಎಂದು 1941ರಲ್ಲಿ ಜಾರ್ಜ್ ಹೋಮನ್ಸ್ ರಾಜಿ ಮಾಡಿಸಿದ.

ರಚನೆ

ಆಚರಣೆಗಳ ಒಳರಚನೆಯ ಬಗ್ಗೆ ಇವತ್ತಿಗೂ ಎಲ್ಲರೂ ಬಳಸುವ ಮಾದರಿ ಆರ್ನಾಲ್ಡ್ ವ್ಯಾನ್ ಗೆನೆಪ್ 1909ರಲ್ಲಿ ಕೊಟ್ಟದ್ದು. ವ್ಯಕ್ತಿ ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ದಾಟುವ ಆಚರಣೆಗಳಲ್ಲಿ ಮೂರು ಘಟ್ಟಗಳಿರುತ್ತವೆ: ಹಳೆಯ ಸ್ಥಿತಿಯಿಂದ ಬೇರ್ಪಡಿಕೆ, ಇತ್ತಲೂ ಅಲ್ಲದ ಅತ್ತಲೂ ಅಲ್ಲದ ಅಂಚಿನ ಅವಧಿ, ಹೊಸ ಸ್ಥಿತಿಯಲ್ಲಿ ಸೇರ್ಪಡೆ. ಮೈನೆರೆದ ಹುಡುಗಿಯನ್ನು ಮನೆಯಿಂದ ಹೊರಗಿಟ್ಟು, ಸೊಪ್ಪಿನ ಗುಡ್ಲು ಹಾಕಿ ಕೂರಿಸಿ, ಕೊನೆಗೆ ನೀರೆರೆದು ಒಸಗೆ ಮಾಡಿ ಒಳಗೆ ಕರೆದುಕೊಳ್ಳುವ ಹಳೆಯ ಮೈಸೂರು ಸೀಮೆಯ ಪದ್ಧತಿಯಲ್ಲಿ ಈ ಮೂರೂ ಸ್ಪಷ್ಟವಾಗಿವೆ. ಡರ್ಕ್‌ಹೈಮನ ಬಳಗ ವ್ಯಾನ್ ಗೆನೆಪ್‌ನನ್ನು ದೂರವೇ ಇಟ್ಟಿತ್ತು. ಅವನ ಪುಸ್ತಕ ಇಂಗ್ಲಿಷಿಗೆ ಬಂದದ್ದು 1960ರಲ್ಲಿ.

ಅನುವಾದ ಬಂದ ಕೆಲವೇ ವರ್ಷಗಳಲ್ಲಿ ಆ ನಡುವಿನ ಘಟ್ಟವನ್ನು ವಿಕ್ಟರ್ ಟರ್ನರ್ ಒಂದು ದೊಡ್ಡ ಸಿದ್ಧಾಂತವಾಗಿಸಿದ. ಗ್ಲಾಸ್ಗೋದಲ್ಲಿ ಹುಟ್ಟಿದ ಟರ್ನರ್ ಪತ್ನಿ ಈಡಿತ್ ಜೊತೆಗೆ 1950 ಮತ್ತು 1954ರ ನಡುವೆ ಇಂದಿನ ಜಾಂಬಿಯದ ಎನ್‌ಡೆಂಬು ಜನರ ನಡುವೆ ಇದ್ದು ಕೆಲಸ ಮಾಡಿದ್ದ. ಹೊಸ್ತಿಲ ಮೇಲೆ ನಿಂತಂಥ ಆ ಅವಧಿಯಲ್ಲಿ ಪದವಿ, ಆಸ್ತಿ, ಅಂತಸ್ತುಗಳು ಕಳಚಿ ಬೀಳುತ್ತವೆ. ಜೊತೆಗಿರುವವರ ನಡುವೆ ಮೇಲುಕೀಳಿಲ್ಲದ ಒಡನಾಟವೊಂದು ಹುಟ್ಟುತ್ತದೆ. ಅದನ್ನು ಅವನು ‘ಕಮ್ಯುನಿಟಾಸ್’ ಎಂದು ಕರೆದ. 1969ರ ‘ದಿ ರಿಚುವಲ್ ಪ್ರೊಸೆಸ್’ ಕೃತಿ ಈ ವಾದದ ಮುಖ್ಯ ಆಕರ.

ಸಂಕೇತಗಳನ್ನು ಓದುವ ಟರ್ನರನ ವಿಧಾನ ಇನ್ನೂ ಫಲಕಾರಿಯಾದದ್ದು. ಎನ್‌ಡೆಂಬು ಹುಡುಗಿ ಋತುಮತಿಯಾಗುವ ವಯಸ್ಸಿಗೆ ಬಂದಾಗ ಅವಳನ್ನು ಕಂಬಳಿ ಸುತ್ತಿ ಮುಡ್ಯಿ ಎಂಬ ಮರದ ಕೆಳಗೆ ಮಲಗಿಸುತ್ತಾರೆ. ಅವಳು ಇಡೀ ಹಗಲು ಅಲುಗಾಡುವಂತಿಲ್ಲ. ಸುತ್ತ ಹೆಂಗಸರು ಕುಣಿಯುತ್ತಾರೆ. ಮರವನ್ನು ಗೀರಿದರೆ ಬಿಳಿಯ ಹಾಲು ಒಸರುತ್ತದೆ. ಇದು ತಾಯಿಯ ಎದೆಹಾಲು, ತಾಯಿ ಮಗಳ ನಂಟು, ಹೆಣ್ಣಿನ ಕಡೆಯಿಂದ ಹರಿಯುವ ಕುಲ ಎಂದು ಅಲ್ಲಿಯವರು ವಿವರಿಸಿದರು. ಆದರೆ ಟರ್ನರ್ ಕಣ್ಣಾರೆ ಕಂಡದ್ದೇನು? ಮಗಳ ತಾಯಿಯನ್ನೇ ಆ ಕುಣಿತದ ಬಳಗದಿಂದ ಹೊರಗಿಟ್ಟಿದ್ದರು. ಹೆಂಗಸರು ಗಂಡಸರನ್ನು ಹಾಡಿನಲ್ಲಿ ಹಂಗಿಸುತ್ತಿದ್ದರು. ಒಗ್ಗಟ್ಟಿನ ಸಂಕೇತ ಎಂದು ಬಾಯಲ್ಲಿ ಹೇಳುವ ಮರದ ಕೆಳಗೆ ನಡೆಯುತ್ತಿದ್ದುದು ಒಡಕಿನ ಪ್ರದರ್ಶನ. ಹಾಗಾಗಿ ಜನ ಹೇಳುವ ಅರ್ಥ, ಬಳಕೆಯಲ್ಲಿ ಕಾಣುವ ಅರ್ಥ, ಬೇರೆ ಸಂಕೇತಗಳ ಜೊತೆಗಿನ ಸಂಬಂಧದಿಂದ ಹೊರಡುವ ಅರ್ಥ ಎಂಬ ಮೂರು ನೆಲೆಗಳನ್ನು ಅವನು ಬೇರ್ಪಡಿಸಿದ. ಕ್ಷೇತ್ರಕ್ಕೆ ಹೋಗುವ ಪ್ರತಿಯೊಬ್ಬ ವಿದ್ಯಾರ್ಥಿಗೂ ಇದು ಮೊದಲ ಪಾಠ: ಕೇಳಿದ್ದನ್ನೂ ಕಂಡದ್ದನ್ನೂ ಬೇರೆ ಬೇರೆ ಬರೆದುಕೊಳ್ಳಬೇಕು.

ಕೊಡಗಿನ ಅಧ್ಯಯನ

ಭಾರತದ ಮಟ್ಟಿಗೆ ಈ ಶಾಖೆಯ ಅಡಿಗಲ್ಲು ಕರ್ನಾಟಕದಲ್ಲೇ ಇದೆ. ಮೈಸೂರಿನ ಎಂ. ಎನ್. ಶ್ರೀನಿವಾಸ್ ಮುಂಬಯಿಯಲ್ಲಿ ಜಿ. ಎಸ್. ಘುರ್ಯೆ ಅವರ ಮಾರ್ಗದರ್ಶನದಲ್ಲಿ ಕೊಡವರ ಬಗ್ಗೆ ಸಾಮಗ್ರಿ ಸಂಗ್ರಹಿಸಿದರು. 1945ರಲ್ಲಿ ಆಕ್ಸ್‌ಫರ್ಡಿಗೆ ಹೋದಾಗ ರಾಡ್‌ಕ್ಲಿಫ್ ಬ್ರೌನ್ ಸೂಚನೆಯಂತೆ ಅದೇ ಸಾಮಗ್ರಿಯನ್ನು ಹೊಸ ದೃಷ್ಟಿಯಿಂದ ಮತ್ತೆ ವಿಶ್ಲೇಷಿಸಿದರು. ಅದರ ಫಲವಾದ ‘ರಿಲಿಜನ್ ಅಂಡ್ ಸೊಸೈಟಿ ಅಮಾಂಗ್ ದ ಕೂರ್ಗ್ಸ್ ಆಫ್ ಸೌತ್ ಇಂಡಿಯಾ’ 1952ರಲ್ಲಿ ಪ್ರಕಟವಾಯಿತು. ‘ಸಂಸ್ಕೃತೀಕರಣ’ ಎಂಬ ಪರಿಕಲ್ಪನೆ ಇದರಿಂದ ಹೆಸರಾಯಿತು. ಪುಸ್ತಕದ ಹೃದಯ ಮಾತ್ರ ಆಚರಣೆಗಳ ವಿಶ್ಲೇಷಣೆ.

ಕೊಡವರಲ್ಲಿ ‘ಮಂಗಲ’ ಎಂದರೆ ಮದುವೆ ಮಾತ್ರವಲ್ಲ. ಹುಲಿ ಕೊಂದ ವೀರನಿಗೆ ನರಿ ಮಂಗಲ (ಕೊಡವ ಭಾಷೆಯಲ್ಲಿ ನರಿ ಎಂದರೆ ಹುಲಿ) ನಡೆಯುತ್ತಿತ್ತು, ಹತ್ತು ಮಕ್ಕಳನ್ನು ಹೆತ್ತ ತಾಯಿಗೂ ಮಂಗಲ ಇತ್ತು. ಇವೆಲ್ಲದರ ತಿರುಳು ಮುಹೂರ್ತದ ವಿಧಿ. ಮಿಂದು ಮಡಿಯುಟ್ಟವರು ದೀಪದ ಬಳಿ ಪೂರ್ವಕ್ಕೆ ಮುಖಮಾಡಿ ಮುಕ್ಕಾಲಿಯ ಮೇಲೆ ಕೂರುತ್ತಾರೆ. ಹಿರಿಯರು ಒಬ್ಬೊಬ್ಬರಾಗಿ ಬಂದು ಅಕ್ಕಿ ಹಾಕಿ ಹರಸಿ, ಹಾಲು ಕುಡಿಸಿ, ಕಾಣಿಕೆ ಕೊಡುತ್ತಾರೆ. ಮದುವೆಯಲ್ಲಿ ವಧುವಿಗೆ ಹರಳುಗಲ್ಲುಗಳನ್ನು ಕೊಟ್ಟು, ಗಂಡನ ಒಕ್ಕದಲ್ಲಿ, ಅಂದರೆ ಕೂಡುಕುಟುಂಬದಲ್ಲಿ, ಅವಳ ಹಕ್ಕನ್ನು ಸಾರುತ್ತಾರೆ. ಶ್ರೀನಿವಾಸ್ ಇವನ್ನು ಬಿಡಿಬಿಡಿಯಾಗಿ ನೋಡದೆ ಒಂದು ‘ಆಚರಣೆಗಳ ಸಂಕೀರ್ಣ’ವಾಗಿ ಕಂಡರು. ಒಕ್ಕ, ಊರು, ನಾಡು ಎಂಬ ಒಂದೊಂದು ಘಟಕವೂ ತನ್ನ ತನ್ನ ಆಚರಣೆಯಲ್ಲಿ ತನ್ನ ಒಗ್ಗಟ್ಟನ್ನು ತೋರಿಸಿಕೊಳ್ಳುತ್ತದೆ ಎಂಬುದು ಅವರ ಪ್ರತಿಪಾದನೆ. ಸಂಘರ್ಷಕ್ಕೆ ಈ ಚಿತ್ರದಲ್ಲಿ ಜಾಗ ಕಡಿಮೆ ಎಂಬ ಆಕ್ಷೇಪ ಮುಂದೆ ಬಂತು. ಆ ಕಾಲದ ಬ್ರಿಟಿಷ್ ಮಾನವಶಾಸ್ತ್ರದ ಮೇಲೆಲ್ಲ ಇದ್ದ ಆಕ್ಷೇಪವೇ ಅದು.

ಅರ್ಥದ ವಿವಾದ

1960 ಮತ್ತು 70ರ ದಶಕಗಳಲ್ಲಿ ಆಚರಣೆಯನ್ನು ಪಠ್ಯದಂತೆ ಓದುವ ಕ್ರಮ ಮೇಲುಗೈ ಪಡೆಯಿತು. ಮೇರಿ ಡಗ್ಲಸ್ 1966ರಲ್ಲಿ ಮೈಲಿಗೆ ಎಂಬುದು ಕೊಳೆಯ ಪ್ರಶ್ನೆಯಲ್ಲ, ವರ್ಗೀಕರಣಕ್ಕೆ ಹೊಂದದ ವಸ್ತುವಿನ ಪ್ರಶ್ನೆ ಎಂದು ತೋರಿಸಿದಳು. ಕ್ಲಿಫರ್ಡ್ ಗೀರ್ಟ್ಜ್ 1972ರಲ್ಲಿ ಬಾಲಿ ದ್ವೀಪದ ಕೋಳಿಅಂಕವನ್ನು, ಅಲ್ಲಿಯ ಜನ ತಮಗೆ ತಾವೇ ಹೇಳಿಕೊಳ್ಳುವ ಕಥೆಯಾಗಿ ವ್ಯಾಖ್ಯಾನಿಸಿದ. ಅವನ 1957ರ ಪ್ರಬಂಧ ಅಷ್ಟು ಹೆಸರಾಗಿಲ್ಲ, ಆದರೆ ಹೆಚ್ಚು ಗಟ್ಟಿಯಾದದ್ದು. ಜಾವಾದ ಒಂದು ಪಟ್ಟಣದಲ್ಲಿ ಚಿಕ್ಕ ಹುಡುಗನೊಬ್ಬ ಸತ್ತ. ಅವನನ್ನು ಸಾಕಿದ ಮನೆಯವನು ಇಸ್ಲಾಮೀ ಪಕ್ಷಕ್ಕೆ ವಿರುದ್ಧವಾದ ಪಕ್ಷದವನು ಎಂಬ ಕಾರಣಕ್ಕೆ ಶವಸಂಸ್ಕಾರ ಮಾಡಿಸುವ ಅಧಿಕಾರಿ ಹಿಂದೆ ಸರಿದ. ಹೆಣ ಮುಂದಿಟ್ಟುಕೊಂಡು ನೆರೆಹೊರೆಯವರು ಏನು ಮಾಡುವುದೆಂದು ತೋಚದೆ ಕೂತರು. ಒಗ್ಗೂಡಿಸಬೇಕಾದ ಆಚರಣೆ ಅಲ್ಲಿ ಬಿರುಕನ್ನು ದೊಡ್ಡದು ಮಾಡಿತು. ಆಚರಣೆ ಸೋಲಲೂಬಹುದು ಎಂಬ ವಿಚಾರ ಅಧ್ಯಯನದ ವಸ್ತುವಾದದ್ದು ಇಂಥ ಪ್ರಕರಣಗಳಿಂದ.

ಈ ಅರ್ಥಾನ್ವೇಷಣೆಗೆ ಎದುರಾಗಿ ನಿಂತವನು ಡಚ್ ವಿದ್ವಾಂಸ ಫ್ರಿಟ್ಸ್ ಸ್ಟಾಲ್. 1975ರ ಏಪ್ರಿಲ್ 12ರಿಂದ 24ರವರೆಗೆ ಕೇರಳದ ಪಾಂಞಾಳ್ ಗ್ರಾಮದಲ್ಲಿ ನಂಬೂದಿರಿಗಳು ಅಗ್ನಿಚಯನ ನಡೆಸಿದರು. ಸಾವಿರಕ್ಕೂ ಹೆಚ್ಚು ಇಟ್ಟಿಗೆಗಳನ್ನು ಐದು ಪದರಗಳಲ್ಲಿ ಜೋಡಿಸಿ, ರೆಕ್ಕೆ ಬಿಚ್ಚಿದ ಹಕ್ಕಿಯ ಆಕಾರದ ವೇದಿ ಕಟ್ಟಿದರು. ಒಂದೊಂದು ಇಟ್ಟಿಗೆಗೂ ಮಂತ್ರ ಉಂಟು. ಆಡುಗಳ ಬಲಿಗೆ ಸಾರ್ವಜನಿಕರ ವಿರೋಧ ಬಂದದ್ದರಿಂದ, ಬದಲಿಗೆ ಅಕ್ಕಿಹಿಟ್ಟಿನ ಉಂಡೆಗಳನ್ನು ಎಲೆಯಲ್ಲಿ ಸುತ್ತಿ ಬಳಸಿದರು. ಕೊನೆಗೆ ಯಾಗಶಾಲೆಗೆ ಬೆಂಕಿಯಿಟ್ಟರು. ಸ್ಟಾಲ್ ಮತ್ತು ಸಂಗಡಿಗರು ಇದನ್ನೆಲ್ಲ ಧ್ವನಿಮುದ್ರಿಸಿ ಚಿತ್ರೀಕರಿಸಿದರು. 1983ರಲ್ಲಿ ‘ಅಗ್ನಿ’ ಎಂಬ ಎರಡು ಭಾರಿ ಸಂಪುಟಗಳು ಹೊರಬಂದವು.

ಇಷ್ಟೆಲ್ಲ ನೋಡಿದ ಮೇಲೆ ಸ್ಟಾಲ್ ಬಂದ ತೀರ್ಮಾನ ವಿದ್ವಲ್ಲೋಕವನ್ನು ಕೆಣಕಿತು. ಆಚರಣೆಗೆ ಅರ್ಥವಿಲ್ಲ, ನಿಯಮವಷ್ಟೇ ಇದೆ ಎಂದು 1979ರ ಲೇಖನದಲ್ಲಿ ವಾದಿಸಿದ. ಋತ್ವಿಜರ ಗಮನವೆಲ್ಲ ಸ್ವರ, ಹೆಜ್ಜೆ, ಅನುಕ್ರಮ ತಪ್ಪದಿರುವುದರ ಕಡೆಗೆ. ಇದೆಲ್ಲ ಏಕೆಂದು ಕೇಳಿದರೆ ಹಿರಿಯರು ಮಾಡುತ್ತಿದ್ದರು ಎಂಬುದಕ್ಕಿಂತ ಹೆಚ್ಚಿನ ಉತ್ತರವಿಲ್ಲ. ಆಚರಣೆಯ ವ್ಯಾಕರಣವಿದೆ, ಅದಕ್ಕೆ ಶಬ್ದಾರ್ಥವಿಲ್ಲ. ಕೌತ್ಸನ ಹಳೆಯ ವಾದಕ್ಕೆ ಅವನು ಹೊಸ ಆಧಾರ ಒದಗಿಸಿದಂತಾಯಿತು. ಆಕ್ಷೇಪಗಳೂ ಬಂದವು. ಹೊರಗಿನ ಹಣ ಮತ್ತು ಕ್ಯಾಮೆರಾಗಳಿಂದ ಸಾಧ್ಯವಾದ ಯಾಗವನ್ನು ಅಪ್ಪಟ ವೈದಿಕ ಆಚರಣೆಯೆಂದು ಹೇಗೆ ಕರೆಯುವುದು ಎಂದು ರಂಗತಜ್ಞ ರಿಚರ್ಡ್ ಶೆಕ್ನರ್ ಪ್ರಶ್ನಿಸಿದ. ಶ್ರೌತಯಾಗದ ನಿಯಮಗಳನ್ನು ಎಲ್ಲ ಆಚರಣೆಗಳ ಮೇಲೂ ಹೇರಲಾಗದು ಎಂಬುದು ಇನ್ನೊಂದು ಆಕ್ಷೇಪ, ಮತ್ತು ಅದೇ ಹೆಚ್ಚು ತೂಕದ್ದು.

ನಡುದಾರಿಯೊಂದನ್ನು ತೋರಿಸಿದವರು ಕ್ಯಾರೊಲಿನ್ ಹಂಫ್ರಿ ಮತ್ತು ಜೇಮ್ಸ್ ಲೇಡ್‌ಲಾ. ಜೈಪುರದ ಜೈನ ಬಸದಿಯಲ್ಲಿ ಪೂಜೆ ಮಾಡುವವರನ್ನು ಮಾತಾಡಿಸಿದಾಗ ಒಂದೇ ಹೂವಿಗೆ, ಒಂದೇ ದೀಪಕ್ಕೆ ಒಬ್ಬೊಬ್ಬರು ಒಂದೊಂದು ಅರ್ಥ ಹೇಳಿದರು. ಕ್ರಿಯೆಯ ರೂಪ ಮೊದಲೇ ಗೊತ್ತುಮಾಡಿದ್ದು; ಅರ್ಥವನ್ನು ಮಾಡುವವರು ಆಮೇಲೆ ತುಂಬಿಕೊಳ್ಳುತ್ತಾರೆ ಎಂದು 1994ರ ಕೃತಿಯಲ್ಲಿ ಅವರು ವಿವರಿಸಿದರು. ಅಷ್ಟರಲ್ಲಿ ಕ್ಯಾಥರಿನ್ ಬೆಲ್ 1992ರಲ್ಲಿ ಇಡೀ ಚರ್ಚೆಯನ್ನೇ ಬೇರೆ ಕಡೆಗೆ ತಿರುಗಿಸಿದ್ದಳು. ಆಚರಣೆ ಎಂಬ ಪ್ರತ್ಯೇಕ ವಸ್ತುವಿಲ್ಲ. ಕೆಲವು ಕೆಲಸಗಳನ್ನು ಉಳಿದವುಗಳಿಂದ ಬೇರ್ಪಡಿಸಿ ಎತ್ತರಿಸುವ ‘ಆಚರಣೀಕರಣ’ ಎಂಬ ಕ್ರಮವಿದೆ, ಅದರಲ್ಲಿ ಅಧಿಕಾರದ ಹಂಚಿಕೆ ಅಡಗಿದೆ ಎಂಬುದು ಅವಳ ಪ್ರತಿಪಾದನೆ.

ವಿಧಗಳು

ಬೆಲ್ 1997ರಲ್ಲಿ ಕೊಟ್ಟ ಆರು ಬಗೆಯ ವಿಂಗಡಣೆ ಹೆಚ್ಚು ಬಳಕೆಯಲ್ಲಿದೆ. ಮೊದಲನೆಯದು ಸ್ಥಿತ್ಯಂತರದ ಆಚರಣೆಗಳು: ನಾಮಕರಣ, ಮದುವೆ, ತಿಥಿ. ಎರಡನೆಯದು ಪಂಚಾಂಗಕ್ಕೆ ಸೇರಿದವು: ಯುಗಾದಿ, ಕಾರಹುಣ್ಣಿಮೆ, ಮಲೆನಾಡಿನ ಭೂಮಿ ಹುಣ್ಣಿಮೆ, ಬಯಲುಸೀಮೆಯ ಹೊಲಗಳಲ್ಲಿ ಚರಗ ಚೆಲ್ಲುವ ಎಳ್ಳಮಾವಾಸ್ಯೆ. ಹರಕೆ, ಕಾಣಿಕೆ, ಬಲಿಗಳು ಕೊಡುಕೊಳ್ಳುವಿಕೆಯ ವರ್ಗಕ್ಕೆ ಬರುತ್ತವೆ. ದೃಷ್ಟಿ ತೆಗೆಯುವುದು, ಊರ ಗಡಿಯಾಚೆಗೆ ಮಾರಿಯನ್ನು ಸಾಗಹಾಕುವುದು ಸಂಕಟ ನಿವಾರಣೆಯವು. ರಂಜಾನ್ ಉಪವಾಸ, ಶಿವರಾತ್ರಿಯ ಜಾಗರಣೆ, ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹಿಂದೂ ಮುಸ್ಲಿಮರು ಕೂಡಿ ಅಲಾಯಿ ಕುಣಿಯುವ ಮೊಹರಂ ಉಪವಾಸ ಮತ್ತು ಉತ್ಸವಗಳ ಐದನೆಯ ವರ್ಗಕ್ಕೆ ಸೇರುತ್ತವೆ.

ಆರನೆಯದು ರಾಜಕೀಯ ಆಚರಣೆ. ಮೈಸೂರು ಒಡೆಯರ ದಸರಾ 1610ರಲ್ಲಿ ರಾಜ ಒಡೆಯರ ಕಾಲದಲ್ಲಿ ಶ್ರೀರಂಗಪಟ್ಟಣದಲ್ಲಿ ಆರಂಭವಾಯಿತು. ರಾಜ ಕೂರುತ್ತಿದ್ದ ಚಿನ್ನದ ಅಂಬಾರಿಯಲ್ಲಿ ಇಂದು ಚಾಮುಂಡೇಶ್ವರಿಯ ವಿಗ್ರಹ ಸಾಗುತ್ತದೆ, ಚುನಾಯಿತ ಮುಖ್ಯಮಂತ್ರಿ ಪುಷ್ಪಾರ್ಚನೆ ಮಾಡುತ್ತಾರೆ. ಆಳುವವರು ಬದಲಾದರೂ ಮೆರವಣಿಗೆಯ ಅನುಕ್ರಮ ಬಹುಮಟ್ಟಿಗೆ ಉಳಿದಿರುವುದು ಅಧ್ಯಯನಕಾರರಿಗೆ ಒಳ್ಳೆಯ ಉದಾಹರಣೆ. ಎಲಿಜಬೆತ್ ರಾಣಿಯ 1953ರ ಪಟ್ಟಾಭಿಷೇಕವನ್ನು ಎಡ್ವರ್ಡ್ ಶಿಲ್ಸ್ ಮತ್ತು ಮೈಕೆಲ್ ಯಂಗ್ ರಾಷ್ಟ್ರದ ಒಗ್ಗಟ್ಟಿನ ಆಚರಣೆಯೆಂದು ಹೊಗಳಿದರೆ, ಇಂಥ ಸಮಾರಂಭಗಳು ಒಗ್ಗಟ್ಟಿಗಿಂತ ಅಧಿಕಾರಸ್ಥರ ದೃಷ್ಟಿಯನ್ನು ಹೇರುತ್ತವೆ ಎಂದು ಸ್ಟೀವನ್ ಲ್ಯೂಕ್ಸ್ 1975ರಲ್ಲಿ ವಾದಿಸಿದ. ಪ್ರಾಚೀನವೆಂದು ತೋರುವ ಎಷ್ಟೋ ಸಮಾರಂಭಗಳು ಇತ್ತೀಚೆಗೆ ಹುಟ್ಟಿದವು ಎಂಬುದನ್ನು ಹಾಬ್ಸ್‌ಬಾಮ್ ಮತ್ತು ರೇಂಜರ್ 1983ರಲ್ಲಿ ಸಂಪಾದಿಸಿದ ಗ್ರಂಥ ಬಯಲಿಗೆಳೆಯಿತು.

ತುಳುನಾಡಿನ ಭೂತಾರಾಧನೆ

ಒಂದೇ ಆಚರಣೆಯನ್ನು ನೂರೈವತ್ತು ವರ್ಷಗಳಲ್ಲಿ ವಿದ್ವಾಂಸರು ಹೇಗೆ ಹೇಗೆ ಕಂಡರು ಎಂಬುದಕ್ಕೆ ಭೂತಾರಾಧನೆ ಸಾಕ್ಷಿ. 1882ರಲ್ಲಿ ತೀರಿಕೊಂಡ ಬ್ರಿಟಿಷ್ ನ್ಯಾಯಾಧೀಶ ಎ. ಸಿ. ಬರ್ನೆಲ್ ಸಂಗ್ರಹಿಸಿದ್ದ ಪಾಡ್ದನ ಎಂಬ ತುಳು ಕಥನಗೀತೆಗಳು ಮತ್ತು ವಿವರಗಳು ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ 1894ರಿಂದ ಅಚ್ಚಾದವು. ಶೀರ್ಷಿಕೆಯಲ್ಲಿ ಅದು ‘ಪಿಶಾಚಾರಾಧನೆ’ ಎನಿಸಿಕೊಂಡಿತ್ತು. ತೊಂಬತ್ತು ವರ್ಷಗಳ ಆಚೆಗೆ, 1984ರಲ್ಲಿ, ಯು. ಪಿ. ಉಪಾಧ್ಯಾಯ ಮತ್ತು ಸುಶೀಲಾ ಉಪಾಧ್ಯಾಯ ದಂಪತಿ ಅದನ್ನು ಆಚರಣಾತ್ಮಕ ರಂಗಭೂಮಿಯೆಂದು ವಿವರಿಸಿದರು. ಕೆ. ಚಿನ್ನಪ್ಪ ಗೌಡರು ಅದನ್ನು ಜಾನಪದೀಯವಾಗಿ ಸಮಗ್ರವಾಗಿ ಅಧ್ಯಯನ ಮಾಡಿದರು. ಅಮೆರಿಕದ ಪೀಟರ್ ಕ್ಲಾಸ್, ಜರ್ಮನಿಯ ಹೈಡ್ರೂನ್ ಬ್ರೂಕ್ನರ್ ಕೂಡ ಇಲ್ಲಿ ದೀರ್ಘಕಾಲ ಕ್ಷೇತ್ರಕಾರ್ಯ ಮಾಡಿದವರು.

ಕೋಲದ ರಾತ್ರಿ ನಡೆಯುವುದನ್ನು ಹತ್ತಿರದಿಂದ ನೋಡಿದರೆ ಸಿದ್ಧಾಂತಗಳು ಏಕೆ ಬೇಕಾದವೆಂದು ತಿಳಿಯುತ್ತದೆ. ದೈವದ ಭಂಡಾರ ಚಪ್ಪರಕ್ಕೆ ಬರುತ್ತದೆ. ನಲಿಕೆ, ಪರವ ಅಥವಾ ಪಂಬದ ಸಮುದಾಯದ ಪಾತ್ರಿ ಎಣ್ಣೆ ಬೂಳ್ಯ ಸ್ವೀಕರಿಸಿ ಮಿಂದು ಬರುತ್ತಾನೆ. ಅರದಾಳದ ಹಳದಿ ಬಣ್ಣ ಮುಖಕ್ಕೇರುತ್ತದೆ. ಅವನ ಮನೆಯ ಹೆಂಗಸು ತೆಂಬರೆ ಬಡಿಯುತ್ತ ದೈವದ ಹುಟ್ಟು, ಸಂಚಾರ, ಪ್ರತಾಪಗಳನ್ನು ಪಾಡ್ದನವಾಗಿ ಹೇಳುತ್ತಾಳೆ. ತೆಂಗಿನ ಎಳೆಗರಿಯ ಸಿರಿ, ಬೆನ್ನಿಗೆ ಅಣಿ, ಕಾಲಿಗೆ ಗಗ್ಗರ. ಗಗ್ಗರ ಕಟ್ಟುವವರೆಗೆ ಅವನು ಗುತ್ತಿನ, ಅಂದರೆ ಊರ ಭೂಮಾಲೀಕ ಮನೆತನದ, ಯಜಮಾನನ ಮುಂದೆ ತಲೆತಗ್ಗಿಸಿ ನಿಲ್ಲುವವನು. ಕಟ್ಟಿದ ಮೇಲೆ ಯಜಮಾನನೇ ಕೈಮುಗಿದು ನಿಲ್ಲುತ್ತಾನೆ. ದೈವ ನುಡಿ ಕೊಡುತ್ತದೆ, ಜಾಗದ ತಕರಾರು ಕೇಳುತ್ತದೆ, ಹರಕೆ ಬಾಕಿ ಇದ್ದರೆ ಗದರುತ್ತದೆ. ಬೆಳಗಾದಾಗ ಬಣ್ಣ ತೊಳೆದರೆ ಹಳೆಯ ಅಂತರ ಮತ್ತೆ ಬರುತ್ತದೆ.

ಇದು ವ್ಯವಸ್ಥೆಯನ್ನು ಒಂದು ರಾತ್ರಿ ತಲೆಕೆಳಗು ಮಾಡಿ ಮತ್ತೆ ಗಟ್ಟಿಮಾಡುವ ಉಪಾಯವೇ, ಅಥವಾ ಅದನ್ನು ಪ್ರಶ್ನಿಸುವ ದನಿಗೆ ಉಳಿದ ಒಂದೇ ವೇದಿಕೆಯೇ? ಮ್ಯಾಕ್ಸ್ ಗ್ಲಕ್‌ಮನ್ ಆಫ್ರಿಕದ ಸ್ವಾಜಿ ರಾಜರ ಆಚರಣೆಗಳ ಬಗ್ಗೆ 1950ರ ದಶಕದಲ್ಲಿ ‘ಬಂಡಾಯದ ಆಚರಣೆ’ ಎಂಬ ಹೆಸರಿನಡಿ ಮೊದಲನೆಯ ಉತ್ತರ ಕೊಟ್ಟಿದ್ದ. ಅನ್ಯಾಯಕ್ಕೀಡಾಗಿ ಸತ್ತ ಕೆಳವರ್ಗದ ವೀರರೇ ದೈವಗಳಾದ ಎಷ್ಟೋ ಪಾಡ್ದನಗಳು ಎರಡನೆಯ ಉತ್ತರದ ಕಡೆಗೆ ವಾಲುತ್ತವೆ.

ವಿಧಾನಗಳು

ಪಠ್ಯಾಧ್ಯಯನ, ಕ್ಷೇತ್ರಕಾರ್ಯ, ಚಿತ್ರೀಕರಣಗಳ ಜೊತೆಗೆ ಈಗ ಪ್ರಯೋಗವೂ ಸೇರಿದೆ. ರಾಯ್ ರಾಪಪೋರ್ಟ್ 1968ರ ಕೃತಿಯಲ್ಲಿ ಪಪುವಾ ನ್ಯೂಗಿನಿಯ ತ್ಸೆಂಬಾಗ ಜನರ ಹಂದಿಬಲಿಯನ್ನು ಪರಿಸರ ವಿಜ್ಞಾನದ ಲೆಕ್ಕಾಚಾರದಿಂದ ವಿವರಿಸಿದ್ದ: ಹಂದಿಗಳು ಅತಿಯಾಗಿ, ಅವುಗಳನ್ನು ಸಾಕುವ ಹೆಂಗಸರ ಶ್ರಮ ಮಿತಿಮೀರಿದಾಗ ಹಬ್ಬ ಕೂಡಿಬರುತ್ತದೆ. 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸ್ಪೇನಿನ ಸ್ಯಾನ್ ಪೆದ್ರೊ ಮಾನ್ರಿಕೆ ಗ್ರಾಮದ ಕೆಂಡ ಹಾಯುವವರ ಮತ್ತು ನೋಡುವವರ ಎದೆಬಡಿತವನ್ನು ಅಳೆದರು. ಕೆಂಡ ಹಾಯುವವರದೂ ಅವರ ಬಂಧುಬಳಗದ್ದೂ ಒಂದೇ ಲಯದಲ್ಲಿ ಏರಿಳಿದವು; ಪರಸ್ಥಳದಿಂದ ಬಂದ ಪ್ರೇಕ್ಷಕರಲ್ಲಿ ಹಾಗಾಗಲಿಲ್ಲ. ಮಾರಿಷಸ್ ತಮಿಳರ ಕಾವಡಿಯ ಬಗ್ಗೆ 2013ರ ಅಧ್ಯಯನ, ಹೆಚ್ಚು ನೋವುಂಡವರು ದೇವಸ್ಥಾನಕ್ಕೆ ಹೆಚ್ಚು ದಾನ ಕೊಟ್ಟರೆಂದು ಕಂಡುಕೊಂಡಿತು. ಡರ್ಕ್‌ಹೈಮನ ಭಾವೋತ್ಕರ್ಷಕ್ಕೆ ಅಳತೆಗೋಲು ಸಿಕ್ಕಿದಂತಾಯಿತು. ಎದೆಬಡಿತ ಅಳೆದ ಮಾತ್ರಕ್ಕೆ ಹರಕೆ ಹೊತ್ತವರ ಮನಸ್ಸು ತಿಳಿಯದು ಎಂಬ ಎಚ್ಚರವೂ ವಿದ್ವಾಂಸರಲ್ಲಿ ಇದೆ.

ಉಪಯೋಗ ಮತ್ತು ಇಂದಿನ ಸ್ಥಿತಿ

1970ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ‘ರಿಚುವಲ್ ಸ್ಟಡೀಸ್’ ಎಂಬ ಹೆಸರು ನೆಲೆಗೊಂಡಿತು. ರೊನಾಲ್ಡ್ ಗ್ರೈಮ್ಸ್ ಬರೆದ ಪ್ರವೇಶಿಕೆ 1982ರಲ್ಲೂ ಈ ಶಾಖೆಗೆಂದೇ ಮೀಸಲಾದ ನಿಯತಕಾಲಿಕೆ 1987ರಲ್ಲೂ ಬಂದವು. ಜರ್ಮನಿಯ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ 2002ರಿಂದ 2013ರವರೆಗೆ ಆಚರಣೆಗಳ ಚಲನಶೀಲತೆಯ ಕುರಿತು ದೊಡ್ಡ ಸಂಶೋಧನಾ ಯೋಜನೆ ನಡೆಯಿತು. ನಗರಗಳ ಆಚರಣೆಗಳೂ ಈಗ ಮುಖ್ಯ ವಸ್ತು. ಬೆಂಗಳೂರು ಕರಗವನ್ನು ತಿಗಳ ಸಮುದಾಯ, ನಗರದ ಕೆರೆಗಳು ಮತ್ತು ತವಕ್ಕಲ್ ಮಸ್ತಾನ್ ದರ್ಗಾದ ಜೊತೆಗಿಟ್ಟು ನೋಡಿದ ಸ್ಮೃತಿ ಶ್ರೀನಿವಾಸ್ ಅವರ 2001ರ ಕೃತಿ ಇದಕ್ಕೆ ಮಾದರಿ. ಯುನೆಸ್ಕೊದ 2003ರ ಒಡಂಬಡಿಕೆಯ ಬಳಿಕ ಕೇರಳದ ಮುಡಿಯೇಟ್ಟು, ಕುಂಭಮೇಳ, ಕೋಲ್ಕತ್ತದ ದುರ್ಗಾಪೂಜೆಗಳು ಅಮೂರ್ತ ಪರಂಪರೆಯ ಪಟ್ಟಿ ಸೇರಿದವು. ಪಟ್ಟಿ ಸೇರುವುದರಿಂದಲೇ ಆಚರಣೆ ಹೇಗೆ ಬದಲಾಗುತ್ತದೆ ಎಂಬುದೂ ಈಗ ಸಂಶೋಧನೆಯ ವಿಷಯ.

ಭಾರತದಲ್ಲಿ ಈ ವಿದ್ಯೆಗೆ ನೇರ ಪ್ರಯೋಜನ ಕಂಡಿರುವುದು ನ್ಯಾಯಾಲಯದಲ್ಲಿ. ಉಡುಪಿಯ ಶಿರೂರು ಮಠದ ಪ್ರಕರಣದಲ್ಲಿ 1954ರಲ್ಲಿ ಸುಪ್ರೀಂ ಕೋರ್ಟ್, ಧರ್ಮವೆಂದರೆ ನಂಬಿಕೆಯಷ್ಟೇ ಅಲ್ಲ, ಆಚರಣೆಗಳೂ ಅದರ ಅವಿಭಾಜ್ಯ ಅಂಗವಾಗಬಲ್ಲವು ಎಂದಿತು. ಯಾವುದು ಅತ್ಯಗತ್ಯ ಅಂಗ, ಯಾವುದು ಅಲ್ಲ ಎಂಬ ಪರೀಕ್ಷೆ ಅಲ್ಲಿಂದ ಬೆಳೆಯಿತು. ಮೂಲ್ಕಿಯ ವೆಂಕಟರಮಣ ದೇವಸ್ಥಾನದ ಪ್ರವೇಶದ 1958ರ ತೀರ್ಪು, 2018ರ ಶಬರಿಮಲೆ ತೀರ್ಪು, ಹಿಜಾಬ್ ಕುರಿತ ಕರ್ನಾಟಕ ಹೈಕೋರ್ಟಿನ 2022ರ ತೀರ್ಪು ಇದೇ ಪರೀಕ್ಷೆಯ ಸುತ್ತ ಸಾಗಿದವು. ಒಂದು ಆಚರಣೆ ಅತ್ಯಗತ್ಯವೇ ಎಂದು ನಿರ್ಧರಿಸಲು ನ್ಯಾಯಾಧೀಶರು ಶಾಸ್ತ್ರಗ್ರಂಥಗಳ ಕಡೆಗೇ ಹೆಚ್ಚಾಗಿ ವಾಲುವುದನ್ನೂ, ಗ್ರಂಥವಿಲ್ಲದ ಜನಪದ ಆಚರಣೆಗಳಿಗೆ ಇದರಿಂದ ಆಗುವ ಅನನುಕೂಲವನ್ನೂ ಟೀಕಾಕಾರರು ಎತ್ತಿ ತೋರಿಸಿದ್ದಾರೆ.

ಶಾಸನ ರಚನೆಯಲ್ಲೂ ವಿಂಗಡಣೆಯ ಪ್ರಶ್ನೆ ಎದುರಾಯಿತು. ದೇವದಾಸಿ ಪದ್ಧತಿಯನ್ನು ಕರ್ನಾಟಕ 1982ರ ಕಾಯ್ದೆಯಿಂದ ನಿಷೇಧಿಸಿತು. ಚಂದ್ರಗುತ್ತಿಯ ಬೆತ್ತಲೆ ಸೇವೆ 1986ರ ಘರ್ಷಣೆಯ ನಂತರ ನಿಂತಿತು. ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರ ತಡೆಯ 2017ರ ಕಾಯ್ದೆ 2020ರ ಜನವರಿಯಲ್ಲಿ ಜಾರಿಗೆ ಬಂತು. ಎಂಜಲೆಲೆಯ ಮೇಲೆ ಉರುಳುವುದು, ಬೆತ್ತಲೆ ಸೇವೆ, ಬಾಯಿಬೀಗ, ಒತ್ತಾಯದಿಂದ ಕೆಂಡ ಹಾಯಿಸುವುದು ಅದರ ನಿಷೇಧದ ಪಟ್ಟಿಯಲ್ಲಿವೆ. ಪ್ರದಕ್ಷಿಣೆ, ಯಾತ್ರೆ, ಹರಿಕಥೆ, ಭಜನೆ, ಮನೆ ಮತ್ತು ದೇವಾಲಯ, ದರ್ಗಾ, ಗುರುದ್ವಾರ, ಚರ್ಚುಗಳಲ್ಲಿ ನಡೆಯುವ ಉಪಾಸನೆಗಳಿಗೆ ಕಾಯ್ದೆ ಅನ್ವಯಿಸುವುದಿಲ್ಲ.